ಕಾಫಿ ತೋಟದ ಮರಗಸಿಗೆ ಟ್ರ್ಯಾಕ್ ಇರುವ ಸಣ್ಣ ಚಿಪ್ಪರ್ ಹೊಂದುತ್ತದೆಯೇ?

ಪ್ರಶ್ನೆ: ಮೂಡಿಗೆರೆಯ ಬೆಳೆಗಾರ

ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಗುಡ್ಡದ ಮೇಲ್ಭಾಗದಲ್ಲಿ ಅರೇಬಿಕಾ, ಕೆಳಗೆ ಹಳ್ಳದ ಕಡೆಗೆ ರೋಬಸ್ಟಾ ಇದ್ದು, ನೆರಳಿಗೆ ಸಿಲ್ವರ್ ಓಕ್ ಮತ್ತು ಹಾಲುವಾಣದ ಜೊತೆಗೆ ಹಳೆಯ ಅತ್ತಿ, ಹಲಸಿನ ಮರಗಳೂ ಇವೆ. ಮುಂಗಾರಿಗೆ ಮೊದಲು ಮರಗಸಿ (ನೆರಳು ಮರಗಳ ರೆಂಬೆ ಸವರುವುದು) ಮಾಡಿಸಿದಾಗ ಬೀಳುವ ರೆಂಬೆಗಳಲ್ಲಿ ತೋಳಿನಷ್ಟು ದಪ್ಪದವು ಸೌದೆಗೆ ಹೋಗುತ್ತವೆ. ಅದಕ್ಕಿಂತ ಸಣ್ಣವು ಸಾಲುಗಳ ನಡುವೆಯೇ ಉಳಿದು ಗೊಬ್ಬರ ಕೊಡುವುದಕ್ಕೂ ಕಳೆ ಹೊಡೆಯುವುದಕ್ಕೂ ಅಡ್ಡಿಯಾಗುತ್ತವೆ. ಹಿಂದೆ ಇವನ್ನು ಕತ್ತಿಯಿಂದ ಕೊಚ್ಚಿ ಹರಡುತ್ತಿದ್ದರು. ಮರ ಹತ್ತುವವರೇ ಸಿಗದ ಈ ಕಾಲದಲ್ಲಿ ಕೊಚ್ಚುವುದಕ್ಕೆ ಆಳುಗಳನ್ನು ಎಲ್ಲಿಂದ ತರುವುದು?

ರಬ್ಬರ್ ಟ್ರ್ಯಾಕ್ (ಗಾಲಿಗಳ ಸುತ್ತ ಓಡುವ ಪಟ್ಟಿ) ಮೇಲೆ ತಾನೇ ಚಲಿಸುವ, ಆರು ಇಂಚು ದಪ್ಪದ ಕೊಂಬೆಯವರೆಗೆ ನುಂಗಿ ಚೂರು ಮಾಡುವ ಚಿಪ್ಪರ್ ಯಂತ್ರಗಳನ್ನು ವಿಡಿಯೊಗಳಲ್ಲಿ ನೋಡಿದ್ದೇನೆ. ಇಂಥ ಯಂತ್ರ ನಮ್ಮ ಇಳಿಜಾರಿನಲ್ಲಿ ಸಾಲುಗಳ ನಡುವೆ ಓಡಾಡಬಲ್ಲದೇ, ಅಥವಾ ಮಿನಿ ಟ್ರ್ಯಾಕ್ಟರ್‌ನ ಪಿಟಿಒಗೆ (ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ತಿರುಗುವ ದಂಡಕ್ಕೆ) ಜೋಡಿಸುವ ಚಿಪ್ಪರ್ ಸಾಕೇ? ಚೂರುಗಳನ್ನು ಗಿಡದ ಬುಡಕ್ಕೆ ಹಾಕಬಹುದೇ ಎಂಬುದನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1: ಸಕಲೇಶಪುರದಿಂದ

ಮೊದಲು ತೋಟದ ಅಳತೆಯನ್ನು ನೋಡಿ, ಯಂತ್ರದ ಮಾತು ಆಮೇಲಿರಲಿ. ಅರೇಬಿಕಾ ಗಿಡಗಳ ನಡುವಿನ ಅಂತರ ಆರೇಳು ಅಡಿ. ಗಿಡ ಹರಡಿದ ಮೇಲೆ ಎರಡು ಸಾಲುಗಳ ನಡುವೆ ಮನುಷ್ಯ ಮೈ ಓರೆ ಮಾಡಿಕೊಂಡು ಹೋಗುವಷ್ಟು ಜಾಗ ಉಳಿದರೆ ಹೆಚ್ಚು. ಮೂರಡಿ ಅಗಲದ ಟ್ರ್ಯಾಕ್ ಯಂತ್ರವನ್ನು ಅಲ್ಲಿ ನುಗ್ಗಿಸಿದರೆ ಫಸಲು ಬಿಡುವ ರೆಕ್ಕೆಗಳೇ (ಅಡ್ಡ ರೆಂಬೆಗಳೇ) ಮುರಿಯುತ್ತವೆ. ರೋಬಸ್ಟಾಕ್ಕೆ ಹತ್ತಡಿ ಅಂತರವಿದ್ದರೂ ನೀರು ಇಂಗಿಸಲು ತೋಡಿದ ತೊಟ್ಟಿಲು ಗುಂಡಿಗಳು ಸಾಲಿಗೊಂದರಂತೆ ಅಡ್ಡ ಬರುತ್ತವೆ, ಒಣಗಿದ ಎಲೆಗಳಿಂದ ತುಂಬಿಕೊಂಡ ಗುಂಡಿ ಮೇಲಿನಿಂದ ಕಾಣಿಸುವುದೂ ಇಲ್ಲ. ಆದ್ದರಿಂದ ಟ್ರ್ಯಾಕ್ ಇದ್ದರೂ ಚಕ್ರವಿದ್ದರೂ ನಿಮ್ಮ ಯಂತ್ರ ನಿಲ್ಲುವುದು ಜೀಪು ರಸ್ತೆಯಲ್ಲಿ ಅಥವಾ ಅಗಲವಾದ ಕಾಲುದಾರಿಯಲ್ಲಿ. ರೆಂಬೆಗಳನ್ನು ಅಲ್ಲಿಗೆ ಎಳೆದು ತರುವ ಕೂಲಿ ಉಳಿಯುವುದಿಲ್ಲ, ಕೊಚ್ಚುವ ಕೂಲಿ ಮಾತ್ರ ಉಳಿಯುತ್ತದೆ.

ನಾನು ಬಳಸುವುದು ಮಿನಿ ಟ್ರ್ಯಾಕ್ಟರ್‌ಗೆ ಜೋಡಿಸಿದ ಚಿಪ್ಪರ್. ನಿಮಿಷಕ್ಕೆ 540 ಸುತ್ತಿನ ಪಿಟಿಒದಲ್ಲಿ ಓಡುತ್ತದೆ, ಮಣಿಕಟ್ಟಿನ ದಪ್ಪದವರೆಗೆ ತಕರಾರಿಲ್ಲದೆ ಕತ್ತರಿಸುತ್ತದೆ. ರಸ್ತೆಯಿಂದ ಎರಡು ಮೂರು ಸಾಲುಗಳೊಳಗೆ ಬಿದ್ದದ್ದನ್ನು ಮಾತ್ರ ಯಂತ್ರಕ್ಕೆ ಕೊಡಿಸುತ್ತೇನೆ. ಅದಕ್ಕಿಂತ ಒಳಗಿನದನ್ನು ಬಿದ್ದಲ್ಲಿಯೇ ಸಣ್ಣ ಚೈನ್‌ಸಾದಿಂದ ಮೊಳದುದ್ದ ತುಂಡು ಮಾಡಿ ನೆಲಕ್ಕೆ ಮಟ್ಟವಾಗಿ ಮಲಗಿಸುವುದು ಅಗ್ಗ. ಹಾಲುವಾಣವನ್ನಂತೂ ಯಂತ್ರಕ್ಕೆ ಕೊಡುವುದೇ ದಂಡ, ಒಂದು ಮಳೆಗಾಲ ಕಳೆಯುವುದರೊಳಗೆ ತಾನೇ ಕೊಳೆತು ಮಣ್ಣಾಗುತ್ತದೆ.

ಉತ್ತರ 2: ತೀರ್ಥಹಳ್ಳಿಯವನು, ಈಗ ಇಂಗ್ಲೆಂಡಿನಲ್ಲಿ ಮರ ಕತ್ತರಿಸುವ ಕೆಲಸ

ಟ್ರ್ಯಾಕ್ ಚಿಪ್ಪರ್ ಇಲ್ಲಿ ಯಾಕೆ ಬೇಕಾಯಿತು ಎಂಬುದನ್ನು ತಿಳಿದರೆ ನಿಮ್ಮ ನಿರ್ಧಾರ ಸುಲಭವಾದೀತು. ಇಲ್ಲಿನ ಕೆಲಸ ಹೆಚ್ಚಾಗಿ ಮನೆಗಳ ಹಿತ್ತಿಲಿನಲ್ಲಿ. ಪಕ್ಕದ ಓಣಿಯ ಗೇಟು ಮೂರಡಿ ಇದ್ದರೆ ಪುಣ್ಯ, ಹುಲ್ಲುಹಾಸಿನ ಮೇಲೆ ಚಕ್ರದ ಗುರುತು ಬೀಳಬಾರದು, ಕೆಲಸ ಮುಗಿದ ಮೇಲೆ ಒಂದು ಕಡ್ಡಿಯೂ ಉಳಿಯಬಾರದು. ಎಲ್ಲವನ್ನೂ ಹೊರಗೆ ಸಾಗಿಸಲೇಬೇಕಾದಾಗ ರಾಶಿಯ ಗಾತ್ರವನ್ನು ಕುಗ್ಗಿಸುವ ಯಂತ್ರಕ್ಕೆ ಬೆಲೆ ಬರುತ್ತದೆ. ಕಾಫಿ ತೋಟದಲ್ಲಿ ಸಾಗಿಸುವ ಅಗತ್ಯವೇ ಇಲ್ಲದಿರುವುದರಿಂದ ಇಲ್ಲಿನ ಲೆಕ್ಕಾಚಾರ ಅಲ್ಲಿಗೆ ನೇರವಾಗಿ ಕೂರುವುದಿಲ್ಲ. ಗಾಳಿಮಳೆಗೆ ಮರ ಉರುಳಿ ದಾರಿ ಕಟ್ಟಿದಾಗ, ವಿದ್ಯುತ್ ತಂತಿಯ ಕೆಳಗೆ ಸವರಿದಾಗ, ಹೋಂಸ್ಟೇ ಅಂಗಳದಲ್ಲಿ ಅದು ಖಂಡಿತ ಉಪಯುಕ್ತ.

ಇಳಿಜಾರಿನ ವಿಷಯದಲ್ಲಿ ವಿಡಿಯೊಗಳನ್ನು ಅಷ್ಟಾಗಿ ನಂಬಬೇಡಿ. ರಬ್ಬರ್ ಟ್ರ್ಯಾಕ್ ಭಾರವನ್ನು ಹರಡುವುದರಿಂದ ಒದ್ದೆ ನೆಲದಲ್ಲಿ ಹೂತುಹೋಗುವುದು ಕಡಿಮೆಯಾದರೂ, ಆರು ಇಂಚಿನ ಯಂತ್ರದ ತೂಕ ಸುಮಾರು ಮುಕ್ಕಾಲು ಟನ್‌ನಿಂದ ಒಂದು ಟನ್ ಮೀರುತ್ತದೆ ಮತ್ತು ಎಂಜಿನ್, ಬ್ಲೇಡುಗಳ ತಟ್ಟೆ ಎಲ್ಲವೂ ಮೇಲ್ಭಾಗದಲ್ಲಿರುತ್ತವೆ. ಇಳಿಜಾರಿಗೆ ನೇರವಾಗಿ ಹತ್ತಿಸಿ, ನೇರವಾಗಿ ಇಳಿಸಬೇಕು. ಅಡ್ಡಲಾಗಿ ಓಡಿಸುತ್ತ ತಿರುಗಿಸಿದರೆ ಟ್ರ್ಯಾಕ್ ಗಾಲಿಯಿಂದ ಕಳಚಿಕೊಳ್ಳುತ್ತದೆ, ಅಷ್ಟು ಭಾರದ ಯಂತ್ರಕ್ಕೆ ಗುಡ್ಡದ ಮಧ್ಯದಲ್ಲಿ ಅದನ್ನು ಮತ್ತೆ ಕೂರಿಸುವುದು ಅರ್ಧ ದಿನದ ಕೆಲಸ. ಟ್ರ್ಯಾಕ್‌ಗಳನ್ನು ಅಗಲಿಸಿಕೊಳ್ಳುವ ಮಾದರಿಗಳೂ ಇವೆ, ಬೆಲೆ ಇನ್ನೂ ಮೇಲೆ.

ಆರು ಇಂಚು ಎಂಬುದು ಯಂತ್ರದ ಬಾಯಿಯ ಅಳತೆ. ದಿನವಿಡೀ ಗಟ್ಟಿ ಮರ ಕೊಡುವುದಾದರೆ ಮೂರು ನಾಲ್ಕು ಇಂಚು ಎಂದುಕೊಳ್ಳಿ. ಕವಲೊಡೆದ ಕೊಂಬೆ ಎರಡೇ ಇಂಚಿನದಾದರೂ ಬಾಯಿಗೆ ಸಿಕ್ಕಿಕೊಳ್ಳುತ್ತದೆ, ಕವಲಿನ ಸಂದಿಯಲ್ಲಿ ಒಂದು ಕತ್ತರಿ ಹಾಕಿ ಕೊಡಬೇಕು. ಎಂಜಿನ್ ಸುತ್ತು ಇಳಿದೊಡನೆ ಒಳಗೆಳೆಯುವ ರೋಲರ್‌ಗಳನ್ನು ತಾನೇ ನಿಲ್ಲಿಸಿ, ವೇಗ ಮರಳಿದ ಮೇಲೆ ಮತ್ತೆ ನಡೆಸುವ ವ್ಯವಸ್ಥೆಯಿದ್ದರೆ ಕೆಲಸ ಸಲೀಸು.

ಸುರಕ್ಷತೆಯ ಮಾತನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಯುರೋಪಿನ ಇಎನ್ 13525 ಮಾನದಂಡದಂತೆ ಮಾಡಿದ ಯಂತ್ರದಲ್ಲಿ ಕೊಂಬೆ ತೂರಿಸುವ ಬಾಯಿ ಉದ್ದವಾಗಿದ್ದು ನಿಂತವನ ಕೈ ರೋಲರ್‌ವರೆಗೆ ಎಟುಕುವುದಿಲ್ಲ, ಅಂಚಿನಲ್ಲಿರುವ ಪಟ್ಟಿಗೆ ತೊಡೆ ತಗುಲಿದರೂ ರೋಲರ್ ನಿಲ್ಲುತ್ತದೆ. ಬಾಯಿ ಗಿಡ್ಡವಾಗಿ, ಕೈಯಿಂದ ತಳ್ಳಬೇಕಾದ ಯಂತ್ರವನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಕೊಂಬೆಯ ಬುಡವನ್ನು ಮೊದಲು ಕೊಟ್ಟು, ಯಂತ್ರದ ಪಕ್ಕದಲ್ಲಿ ನಿಂತು, ರೋಲರ್ ಹಿಡಿದೊಡನೆ ಕೈಬಿಟ್ಟು ಸರಿಯಬೇಕು; ಇಲ್ಲವಾದರೆ ರೆಂಬೆಯ ತುದಿ ಬೀಸಿ ಮುಖಕ್ಕೆ ಹೊಡೆಯುತ್ತದೆ. ಚೂರುಪಾರುಗಳನ್ನು ಕೈಯಿಂದ ತಳ್ಳದೆ ಮುಂದಿನ ಕೊಂಬೆಯಿಂದಲೇ ನೂಕಬೇಕು. ಸಡಿಲ ತೋಳಿನ ಅಂಗಿ, ಕುತ್ತಿಗೆಯ ಟವೆಲ್, ಸೊಂಟದ ಕತ್ತಿಹಗ್ಗ ಯಾವುದೂ ಇರಕೂಡದು. ಟವೆಲ್ ಬಿಡಿಸುವುದು ನಮ್ಮ ಕಡೆಯವರಿಗೆ ಎಷ್ಟು ಕಷ್ಟವೆಂದು ನನಗೂ ಗೊತ್ತು.

ಉತ್ತರ 3: ಮಣ್ಣಿನ ಬಗ್ಗೆ ಆಸಕ್ತಿ ಇರುವವರು, ಕೊಪ್ಪ

ಚೂರುಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಹಸಿ ಚೂರುಗಳು ಸಾರಜನಕವನ್ನು ಹೀರಿಬಿಡುತ್ತವೆ ಎಂಬ ಭಯ ಅರ್ಧ ಮಾತ್ರ ನಿಜ. ಮಣ್ಣಿನೊಳಗೆ ಬೆರೆಸಿದರೆ ಹಾಗಾಗುತ್ತದೆ. ಮೇಲೆಯೇ ಹರಡಿದರೆ ಅದರ ಪ್ರಭಾವ ಮೇಲ್ಪದರದಲ್ಲೇ ಮುಗಿಯುತ್ತದೆ. ಸೊಪ್ಪಿನೊಡನೆ ಕೊಚ್ಚಿದ ಎಳೆಯ ರೆಂಬೆಗಳು ಬರಿಯ ಕಟ್ಟಿಗೆಗಿಂತ ಬೇಗ ಕೊಳೆಯುತ್ತವೆ. ಎರಡು ಮೂರು ಇಂಚಿನ ಪದರ ಸಾಕು, ಬುಡದಿಂದ ಒಂದಡಿ ಬಿಡಬೇಕು. ಕಾಳುಮೆಣಸಿನ ಬಳ್ಳಿಯ ಬುಡಕ್ಕಂತೂ ಮಳೆಗಾಲದಲ್ಲಿ ಒತ್ತಿ ಹಾಕಲೇಬಾರದು, ನೀರು ಹಿಡಿದುಕೊಂಡರೆ ಸೊರಗು ರೋಗಕ್ಕೆ ಅನುಕೂಲ.

ಬೇರು ರೋಗದಿಂದ ಸತ್ತ ಮರ ಅಥವಾ ಕಾಫಿ ಗಿಡದ ಕಟ್ಟಿಗೆಯನ್ನು ಚೂರು ಮಾಡಿ ತೋಟದ ತುಂಬ ಹರಡುವುದು ರೋಗವನ್ನು ಹಂಚಿದಂತೆ. ಬಿಳಿ ಕಾಂಡಕೊರಕವೆಂಬ ದುಂಬಿಯ ಹುಳು ಹೊಕ್ಕ ಅರೇಬಿಕಾ ಗಿಡಗಳನ್ನು ಯಂತ್ರದ ಸರದಿ ಬರಲೆಂದು ರಸ್ತೆ ಬದಿಯಲ್ಲಿ ರಾಶಿ ಹಾಕಿ ಇಡಬೇಡಿ. ಏಪ್ರಿಲ್-ಮೇ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದುಂಬಿಗಳು ಹೊರಬಂದು ಹಾರುತ್ತವೆ, ಅದಕ್ಕೆ ಮೊದಲೇ ಕಿತ್ತು ಸುಡುವುದು ಹಳೆಯ ಕ್ರಮ ಮತ್ತು ಅದೇ ಸರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಕೊಳ್ಳುವ ಯೋಚನೆ ಸದ್ಯಕ್ಕೆ ಬಿಟ್ಟೆ. ನೆರೆಯ ನಾಲ್ಕೈದು ತೋಟದವರು ಸೇರಿ ಹಳೆಯ ಯಂತ್ರವೊಂದನ್ನು ತರುವ ಮಾತಿದೆ. ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು?

ಉತ್ತರ 2 ಬರೆದವರು

ಮೊದಲು ಚೂರನ್ನು ನೋಡಿ. ಅಂಚು ಚೊಕ್ಕವಾಗಿದ್ದರೆ ಬ್ಲೇಡ್ ಹರಿತವಾಗಿದೆ. ನಾರು ನಾರಾಗಿ ಬಂದರೆ ಬ್ಲೇಡ್ ಮೊಂಡಾಗಿದೆ ಇಲ್ಲವೇ ಎದುರಿನ ಸ್ಥಿರ ಬ್ಲೇಡಿನ ಅಂತರ ಹೆಚ್ಚಾಗಿದೆ. ಬ್ಲೇಡುಗಳನ್ನು ಸಾಣೆ ಹಿಡಿಯಲು ಒಂದು ಮಿತಿ ಇರುವುದರಿಂದ ಇನ್ನೆಷ್ಟು ಅಗಲ ಉಳಿದಿದೆ ಎಂಬುದನ್ನು ಅಳೆಯಿರಿ. ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ತಟ್ಟೆ ಪೂರ್ತಿ ನಿಂತ ಮೇಲಷ್ಟೇ ಮುಚ್ಚಳ ತೆಗೆಯಿರಿ. ಟ್ರ್ಯಾಕ್‌ನ ರಬ್ಬರ್ ಬಿರುಕು ಬಿಟ್ಟು ಒಳಗಿನ ಉಕ್ಕಿನ ತಂತಿ ಕಾಣುತ್ತಿದ್ದರೆ ಹೊಸ ಜೋಡಿಯ ಬೆಲೆಯನ್ನು ಕಳೆದು ಮಾತಾಡಿ.

ರೋಲರ್‌ಗಳ ಅಕ್ಕಪಕ್ಕದಲ್ಲಿ ನೈಲಾನ್ ದಾರ ಸುತ್ತಿಕೊಂಡಿದೆಯೇ ಎಂದೂ ಇಣುಕಿ ನೋಡಿ. ನಿಮ್ಮಲ್ಲಿ ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಕಟ್ಟಿದ ದಾರ ರೆಂಬೆಯ ಜೊತೆ ಬಂದೇ ಬರುತ್ತದೆ, ಅದು ಬೇರಿಂಗ್‌ನ ಸೀಲನ್ನು ಹರಿಯುತ್ತದೆ. ಕೊನೆಗೆ, ರೋಲರ್ ತಿರುಗುತ್ತಿರುವಾಗಲೇ ಅಂಚಿನ ಪಟ್ಟಿಯನ್ನು ಉದ್ದನೆಯ ಕೋಲಿನಿಂದ ಒತ್ತಿ. ರೋಲರ್ ತಕ್ಷಣ ನಿಲ್ಲದಿದ್ದರೆ, ಅಥವಾ ಯಾರಾದರೂ ಆ ಪಟ್ಟಿಯನ್ನು ತಂತಿಯಿಂದ ಬಿಗಿದು ಕಟ್ಟಿದ್ದರೆ, ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬನ್ನಿ.