ಎಟಿಆರ್ 72ಕ್ಕೆ ಕಿನ್ನಾಳದ ಬಣ್ಣ: ಕನ್ನಡ ಅಕ್ಷರ ಒಡೆಯುತ್ತಿದೆ, ಇಂಜಿನ್ ಕವಚಕ್ಕೆ ಬಣ್ಣ ಕೂರುತ್ತಿಲ್ಲ

ಆನೆಗೊಂದಿ ಫ್ಲೈಯರ್ (ಗಂಗಾವತಿ):

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರ ಎಟಿಆರ್ 72-600 ವಿಮಾನಕ್ಕೆ ಒಂದು ಕಾಲ್ಪನಿಕ ಬಣ್ಣವಿನ್ಯಾಸವನ್ನು ಸಿದ್ಧಪಡಿಸುತ್ತಿದ್ದೇನೆ. ನಾನು ಹೆಚ್ಚಾಗಿ ಹಾರಿಸುವುದು ಬೆಂಗಳೂರಿನಿಂದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಬರುವ ದಾರಿಯನ್ನೇ ಆದ್ದರಿಂದ, ವಿಮಾನದ ಮೇಲೂ ನಮ್ಮ ಸೀಮೆಯ ಗುರುತು ಇರಲಿ ಎಂಬುದು ಆಸೆ. ಒಡಲಿನ ಉದ್ದಕ್ಕೂ ಕಿನ್ನಾಳದ ಗೊಂಬೆಗಳಲ್ಲಿ ಕಾಣುವಂಥ ಕೆಂಪು, ಹಳದಿ, ಹಸಿರು ಬಳ್ಳಿಯ ಅಂಚು, ಬಾಲದ ಮೇಲೆ ಹಂಪಿಯ ಕಲ್ಲಿನ ರಥ, ಕಿಟಕಿಗಳ ಮೇಲ್ಭಾಗದಲ್ಲಿ ‘ಕಿಷ್ಕಿಂಧಾ ಏರ್’ ಎಂಬ ಬರಹ: ಇಷ್ಟು ಯೋಜನೆ.

ವಿಮಾನಗಳ ಪಟ್ಟಿಯಲ್ಲಿ ಹೆಸರು ಸರಿಯಾಗಿ ಬರುತ್ತಿದೆ. ಆದರೆ ಒಡಲಿನ ಚಿತ್ರವನ್ನು ತಿದ್ದಿ ಉಳಿಸಿದರೂ ಕೆಲವೊಮ್ಮೆ ಬಿಳಿಯ ಮೂಲ ಬಣ್ಣವೇ ಕಾಣುತ್ತದೆ. ನಾನು ಕೈಯನ್ನೇ ಹಾಕದ ಇಂಜಿನ್ ಕವಚಗಳು ಬಣ್ಣಗೆಟ್ಟು ನಿಂತಿವೆ. ಫೋಟೋಶಾಪ್‌ನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಹೆಸರಿನ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಸರಿದಿವೆ. ಬಲಬದಿಯಲ್ಲಿ ಇಡೀ ಬರಹ ಕನ್ನಡಿಯಲ್ಲಿ ನೋಡಿದಂತೆ ತಿರುಗಿದೆ. ಬಳ್ಳಿಯ ಅಂಚು ಹತ್ತಿರದಿಂದ ನೋಡಿದರೆ ಚೌಕಚೌಕವಾಗಿ ಕಲಸಿಹೋಗಿದೆ. ಚಿತ್ರದ ಅಳತೆಯನ್ನು 8192 ಪಿಕ್ಸೆಲ್‌ಗೆ ಏರಿಸಿದರೆ ಸರಿಹೋದೀತೇ? ಬಲ್ಲವರು ತಿಳಿಸಿಕೊಡಬೇಕು.

ಬಳ್ಳಾರಿ ರನ್‌ವೇ:

ಸರ್, ಇವು ಒಂದೇ ದೋಷವಲ್ಲ, ಬೇರೆ ಬೇರೆ ಹಂತಗಳಲ್ಲಿ ಹುಟ್ಟಿದ ದೋಷಗಳು. ಬಣ್ಣದ ಫೈಲನ್ನು ಪದೇ ಪದೇ ತಿದ್ದುತ್ತ ಕೂತರೆ ಪ್ಯಾಕೇಜಿನ (ಸಿಮ್ಯುಲೇಟರಿಗೆ ಸೇರಿಸುವ ಫೈಲುಗಳ ಕಟ್ಟಿನ) ತಪ್ಪು ಸಿಗುವುದಿಲ್ಲ. ಆದ್ದರಿಂದ ಮೊದಲು ನಿಮ್ಮ ಚಿತ್ರವನ್ನು ಬದಿಗಿಟ್ಟು, ಪ್ರತಿ ಟೆಕ್ಸ್ಚರ್‌ನ (ವಿಮಾನದ ಮೇಲ್ಮೈಗೆ ಹೊದಿಸುವ ಚಿತ್ರದ) ಜಾಗಕ್ಕೂ ದೊಡ್ಡ ಅಂಕಿಗಳಿರುವ ಚೌಕಗಳ ಒಂದು ಪರೀಕ್ಷಾ ಚಿತ್ರವನ್ನು ಹಾಕಿ, ವಿಮಾನವನ್ನು ಸುತ್ತು ಹಾಕಿ ನೋಡಿರಿ. ಯಾವ ಅಂಕಿ ಎಲ್ಲಿ ಬಿತ್ತು, ಯಾವುದು ತಿರುಗಿತು, ಯಾವ ಭಾಗಕ್ಕೆ ಅಂಕಿಯೇ ಬರಲಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇದನ್ನು ಮಾಡದೆ ಬಣ್ಣಕ್ಕೆ ಇಳಿಯುವವರೇ ಹೆಚ್ಚು. ಆಮೇಲೆ ವಾರಗಟ್ಟಲೆ ಊಹೆಯಲ್ಲೇ ಕಳೆಯುತ್ತಾರೆ.

ಮೂಲ ಬಿಳಿ ಬಣ್ಣ ಮರಳುವುದಕ್ಕೆ ಬಹುಪಾಲು ಕಾರಣ ಲೇಔಟ್ ಫೈಲ್. ಪ್ಯಾಕೇಜಿನಲ್ಲಿರುವ ಪ್ರತಿ ಫೈಲಿನ ದಾರಿ, ಗಾತ್ರ ಮತ್ತು ದಿನಾಂಕ ಆ ಜೆಸನ್ ಪಟ್ಟಿಯಲ್ಲಿ ಇರುತ್ತವೆ. ಪಟ್ಟಿಯಲ್ಲಿ ಇಲ್ಲದ ಫೈಲನ್ನು ಸಿಮ್ಯುಲೇಟರ್ ಇದೆಯೆಂದೇ ಪರಿಗಣಿಸುವುದಿಲ್ಲ. ಹೊಸ ಡಿಡಿಎಸ್ (ಟೆಕ್ಸ್ಚರ್ ಚಿತ್ರದ ಫೈಲು) ಸೇರಿಸಿದಾಗ, ಹೆಸರು ಬದಲಿಸಿದಾಗ, ತಿದ್ದಿ ಉಳಿಸಿದಾಗಲೆಲ್ಲ ಲೇಔಟ್ ಜನರೇಟರ್ ಎಂಬ ಚಿಕ್ಕ ಉಪಕರಣದ ಮೇಲೆ ಲೇಔಟ್ ಫೈಲನ್ನು ಎಳೆದುಬಿಟ್ಟು ಪಟ್ಟಿಯನ್ನು ಹೊಸದಾಗಿ ಬರೆಸಿಕೊಳ್ಳಿರಿ. ಟೆಕ್ಸ್ಚರ್‌ನ ಹೆಸರು ಮೂಲ ವಿಮಾನದ ಹೆಸರಿಗೆ ಅಕ್ಷರಶಃ ಹೊಂದಬೇಕು. ಒಂದು ಅಡಿಗೆರೆ ತಪ್ಪಿದರೂ ಸಾಕು, ನಿಮ್ಮ ಚಿತ್ರ ಅನಾಥವಾಗಿ ಉಳಿಯುತ್ತದೆ.

ಇಂಜಿನ್ ಕವಚದ ವಿಷಯ ಬೇರೆ. ನೀವು ಬಣ್ಣ ಬಳಿಯದ ಭಾಗಗಳಿಗೆ ಚಿತ್ರವನ್ನು ಎಲ್ಲಿಂದ ತರಬೇಕೆಂದು ಟೆಕ್ಸ್ಚರ್ ಫೋಲ್ಡರಿನೊಳಗಿನ ಸಿಎಫ್‌ಜಿ (ಸೆಟ್ಟಿಂಗ್‌ಗಳ) ಫೈಲಿನ ‘ಫಾಲ್‌ಬ್ಯಾಕ್’ ಸಾಲುಗಳು ಹೇಳುತ್ತವೆ. ಆ ಸಾಲುಗಳು ಮೂಲ ವಿಮಾನದ ಟೆಕ್ಸ್ಚರ್ ಫೋಲ್ಡರನ್ನು ಸರಿಯಾಗಿ ತೋರಿಸದಿದ್ದರೆ ಕವಚಕ್ಕೆ ಬಣ್ಣ ಸಿಗುವುದಿಲ್ಲ. ಏರ್‌ಕ್ರಾಫ್ಟ್ ಸಿಎಫ್‌ಜಿಯಲ್ಲಿ ಮೂಲ ವಿಮಾನವನ್ನು ಸೂಚಿಸುವ ‘ಬೇಸ್ ಕಂಟೇನರ್’ ಸಾಲನ್ನೂ ಹಾಗೆಯೇ ನೋಡಿಕೊಳ್ಳಿರಿ. ಅಲ್ಲಿಯ ‘ಟೈಟಲ್’ ಬೇರೆ ಯಾವ ಬಣ್ಣವಿನ್ಯಾಸದ್ದಕ್ಕೂ ಸಮನಾಗಿರಬಾರದು. ಫೋಲ್ಡರುಗಳಿಗೆ ಚಿಕ್ಕ ಇಂಗ್ಲಿಷ್ ಹೆಸರಿಡುವುದು ಒಳ್ಳೆಯದು, ಏಕೆಂದರೆ ವಿಂಡೋಸ್‌ನ 260 ಅಕ್ಷರಗಳ ಮಿತಿಯನ್ನು ದಾಟಿದ ದಾರಿಯ ಫೈಲು ತೆರೆದುಕೊಳ್ಳದೇ ಹೋಗಬಹುದು. ಅಂದಹಾಗೆ, ಇದೆಲ್ಲ 2020ರ ಆವೃತ್ತಿಗೆ ಮಾತ್ರ. 2024ರದರಲ್ಲಿ ಪ್ಯಾಕೇಜಿನ ರಚನೆಯೇ ಬೇರೆ.

ಕೊಪ್ಪಳದ ಕುಂಚ:

ಫ್ಲೆಕ್ಸ್ ಮತ್ತು ಡಿಟಿಪಿ ಕೆಲಸದಲ್ಲಿರುವವನಾಗಿ ಅಕ್ಷರದ ಮಾತನ್ನು ನಾನು ಹೇಳುತ್ತೇನೆ. ನಿಮ್ಮ ಫಾಂಟ್ ಕೆಟ್ಟಿಲ್ಲ. ‘ಷ’ಕ್ಕೆ ‘ಕ’ವನ್ನು ಒತ್ತಾಗಿ ಕೂರಿಸುವ ಕೆಲಸ ಫೋಟೋಶಾಪ್‌ನ ಅಕ್ಷರ ಜೋಡಣೆಯ ವ್ಯವಸ್ಥೆಗೆ ಸೇರಿದ್ದು. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್ ರೆಡಿ’ ಜೋಡಣೆಯನ್ನು ಆಯ್ದು (ಹಳೆಯ ಆವೃತ್ತಿಗಳಲ್ಲಿ ಅದಕ್ಕೆ ‘ಮಿಡ್ಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಎಂಬ ಹೆಸರಿತ್ತು), ಪ್ರೋಗ್ರಾಮನ್ನು ಮುಚ್ಚಿ ತೆರೆದು, ಹೊಸ ಲೇಯರ್‌ನಲ್ಲಿ ಹೆಸರನ್ನು ಮತ್ತೆ ಟೈಪ್ ಮಾಡಿರಿ. ಜಿಂಪ್ ಅಥವಾ ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆಯೇ ಇಲ್ಲ, ಅವು ಒತ್ತಕ್ಷರವನ್ನು ತಾವಾಗಿಯೇ ಸರಿಯಾಗಿ ಜೋಡಿಸುತ್ತವೆ. ಇಂಕ್‌ಸ್ಕೇಪ್‌ನಲ್ಲಿ ಬರೆದು, ಅಕ್ಷರವನ್ನು ಆಕಾರವಾಗಿ ಪರಿವರ್ತಿಸಿ ತಂದುಕೊಳ್ಳುವುದು ನನಗೆ ಹೆಚ್ಚು ಹಿಡಿಸುತ್ತದೆ.

ಅಕ್ಷರದ ದಪ್ಪವನ್ನೂ ಲೆಕ್ಕ ಹಾಕಿರಿ. ಎಟಿಆರ್ 72ರ ಉದ್ದ ಸುಮಾರು 27.17 ಮೀಟರ್. ಅಷ್ಟೂ ಉದ್ದ 4096 ಪಿಕ್ಸೆಲ್‌ಗಳಲ್ಲಿ ಹರಡಿದೆ ಎಂದುಕೊಂಡರೆ ಒಂದು ಪಿಕ್ಸೆಲ್ ಆರೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಅಂದರೆ ಎರಡು ಸೆಂಟಿಮೀಟರ್ ದಪ್ಪದ ಒತ್ತಿನ ಗೆರೆಗೆ ಸಿಗುವುದು ಮೂರೇ ಪಿಕ್ಸೆಲ್. ಮದುವೆ ಪತ್ರಿಕೆಯಲ್ಲಿ ಚೆಂದ ಕಾಣುವ ಬಳುಕಿನ ಫಾಂಟ್ ಇಲ್ಲಿ ಉಳಿಯುವುದಿಲ್ಲ; ಮುಖ್ಯ ಅಕ್ಷರದಷ್ಟೇ ದಪ್ಪದ ಒತ್ತುಗಳಿರುವ, ಒಳಗಿನ ಖಾಲಿ ಜಾಗ ಅಗಲವಾಗಿರುವ ಫಾಂಟನ್ನು ಆರಿಸಿಕೊಳ್ಳಿರಿ.

ರಾಯಚೂರು ಎಕ್ಸ್‌ಪ್ಲೇನ್:

8192ಕ್ಕೆ ಏರಿಸುವುದನ್ನು ನಾನು ಒಪ್ಪುವುದಿಲ್ಲ. 4096ರ ಚೌಕ ಚಿತ್ರವೊಂದು ಬಿಸಿ7 ಎಂಬ ಚಿತ್ರ ಕುಗ್ಗಿಸುವ ವಿಧಾನದಲ್ಲಿ 16 ಎಂಬಿ, ಮಿಪ್‌ಮ್ಯಾಪ್‌ಗಳೂ (ದೂರದ ನೋಟಕ್ಕೆ ಬಳಸುವ ಅದೇ ಚಿತ್ರದ ಚಿಕ್ಕ ಪ್ರತಿಗಳು) ಸೇರಿದರೆ ಸುಮಾರು 21 ಎಂಬಿ ಆಗುತ್ತದೆ. 8192 ಆದರೆ ಅದರ ನಾಲ್ಕು ಪಟ್ಟು. ಅಷ್ಟು ಭಾರ ಹೊತ್ತರೂ ನಿಮ್ಮ ಚೌಕಗಳ ಮೂಲ ದೋಷ ಹೋಗದು, ಏಕೆಂದರೆ ನೀವು ಬಿಸಿ1ರಲ್ಲಿ, ಅಂದರೆ ಹಳೆಯ ಡಿಎಕ್ಸ್‌ಟಿ1ರಲ್ಲಿ ಉಳಿಸಿರುವಂತೆ ಕಾಣುತ್ತದೆ. ಆ ವಿಧಾನ ಚಿತ್ರವನ್ನು ನಾಲ್ಕಕ್ಕೆ ನಾಲ್ಕು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕಕ್ಕೂ ಎರಡೇ ಮೂಲ ಬಣ್ಣಗಳನ್ನೂ ಅವುಗಳ ನಡುವಿನ ಎರಡು ಛಾಯೆಗಳನ್ನೂ ಇಟ್ಟುಕೊಳ್ಳುತ್ತದೆ. ಕಿನ್ನಾಳದ ಬಳ್ಳಿಯಲ್ಲಿ ಕೆಂಪು, ಹಳದಿ, ಹಸಿರು ಒಂದೇ ಕಡೆ ಸೇರುವುದರಿಂದ ಮೂರನೆಯ ಬಣ್ಣಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ಬಿಸಿ7ರಲ್ಲಿ ಉಳಿಸಿ ನೋಡಿರಿ. ಮಿಪ್‌ಮ್ಯಾಪ್ ಸೃಷ್ಟಿಸುವ ಆಯ್ಕೆಯನ್ನು ಬಿಡಬೇಡಿ, ಬಿಟ್ಟರೆ ದೂರದಿಂದ ಅಂಚು ಮಿಣಮಿಣ ಎನ್ನುತ್ತದೆ.

ಎಕ್ಸ್‌ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ಬಳಸುವವರು ಓದುತ್ತಿದ್ದರೆ ಒಂದು ಮಾತು: ನಮ್ಮಲ್ಲಿ ಲೇಔಟ್ ಪಟ್ಟಿಯ ಗೋಜಿಲ್ಲ, ಲಿವರೀಸ್ (ಬಣ್ಣವಿನ್ಯಾಸಗಳ) ಫೋಲ್ಡರಿನೊಳಗೆ ಮೂಲದ ಫೋಲ್ಡರ್ ರಚನೆಯನ್ನೇ ಅನುಸರಿಸಿದರೆ ಸಾಕು. ಆದರೆ ಒಂದೇ ಹೆಸರಿನ ಪಿಎನ್‌ಜಿಯೂ ಡಿಡಿಎಸ್ಸೂ ಒಟ್ಟಿಗಿದ್ದರೆ ಡಿಡಿಎಸ್‌ಗೇ ಮೊದಲ ಮಣೆ. ಪಿಎನ್‌ಜಿಯನ್ನು ಎಷ್ಟು ತಿದ್ದಿದರೂ ಬದಲಾವಣೆ ಕಾಣುತ್ತಿಲ್ಲವೆಂದು ಗೋಳಾಡುವವರ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಹಳೆಯ ಡಿಡಿಎಸ್ ಒಂದು ಕುಳಿತಿರುತ್ತದೆ.

ಆನೆಗೊಂದಿ ಫ್ಲೈಯರ್:

ಮೂವರಿಗೂ ಧನ್ಯವಾದಗಳು. ಲೇಔಟ್ ಹೊಸದಾಗಿ ಬರೆಸಿದ ಮೇಲೆ ಒಡಲಿನ ಬಣ್ಣ ನಿಂತಿದೆ, ಫಾಲ್‌ಬ್ಯಾಕ್ ಸಾಲು ತಿದ್ದಿದ ಮೇಲೆ ಕವಚಗಳೂ ಸರಿಯಾಗಿವೆ. ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕುಳಿತಿವೆ. ಅಂಕಿಗಳ ಪರೀಕ್ಷೆಯಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಂಕಿಗಳು ಬಂದವು, ಒಂದೂ ತಿರುಗಿರಲಿಲ್ಲ. ಹಾಗಿದ್ದರೆ ಬರಹ ತಿರುಗಿದ್ದೇಕೆ? ಇನ್ನೊಂದು ಪ್ರಶ್ನೆಯೂ ಇದೆ. ಕಿನ್ನಾಳದ ಕೆಲಸದಲ್ಲಿ ತವರವನ್ನು ಬಳಸಿ ತರುವ ಲೋಹದ ಹೊಳಪಿದೆಯಲ್ಲ, ಅದನ್ನು ಬಳ್ಳಿಯ ಹೂಗಳಿಗೆ ತರಲು ಹೋದರೆ ಬರೀ ಬೂದು ಬಣ್ಣವಾಗಿ ಕಾಣುತ್ತಿದೆ.

ಬಳ್ಳಾರಿ ರನ್‌ವೇ:

ಎರಡು ಬದಿಗೂ ಬೇರೆ ಜಾಗವಿದೆ ಎಂದಾದರೆ ಮಾಡೆಲ್‌ನಲ್ಲಿ ದೋಷವಿಲ್ಲ. ಎಡಬದಿಯ ಇಡೀ ಚಿತ್ರವನ್ನು ಮಗುಚಿ ಬಲಕ್ಕೆ ಅಂಟಿಸಿರುತ್ತೀರಿ. ಬಳ್ಳಿಯನ್ನು ಮಗುಚಬಹುದು, ಅಕ್ಷರವನ್ನು ಮಗುಚಬಾರದು. ಬಲಬದಿಯಲ್ಲಿ ಮೂತಿ ಬಲಕ್ಕಿರುವುದರಿಂದ ಹೆಸರು ಬಾಲದ ಕಡೆಯಿಂದಲೇ ಆರಂಭವಾಗುತ್ತದೆ, ನಿಜವಾದ ವಿಮಾನಗಳಲ್ಲೂ ಹಾಗೆಯೇ. ರಥದ ವಿಷಯ ಇದಕ್ಕೆ ತದ್ವಿರುದ್ಧ: ಅದನ್ನು ಎರಡೂ ಬದಿಯಲ್ಲಿ ಆನೆಗಳು ಮೂತಿಯ ಕಡೆಗೇ ಮುಖ ಮಾಡುವಂತೆ ಮಗುಚಿಯೇ ಕೂರಿಸಬೇಕು, ಇಲ್ಲವಾದರೆ ವಿಮಾನ ಮುಂದಕ್ಕೆ ಹೋಗುವಾಗ ಒಂದು ಬದಿಯ ರಥ ಹಿಂದಕ್ಕೆ ಹೊರಟಂತೆ ಕಾಣುತ್ತದೆ.

ಲೋಹದ ಹೊಳಪು ಬಣ್ಣದ ಚಿತ್ರದಿಂದ ಬರುವುದಿಲ್ಲ, ಅದರ ಜೊತೆಗಿರುವ ‘ಕಾಂಪ್’ ಚಿತ್ರದಿಂದ ಬರುತ್ತದೆ. ಅದರ ಕೆಂಪು ಚಾನೆಲ್ ಸಂದುಗೊಂದುಗಳ ನೆರಳನ್ನೂ ಹಸಿರು ಚಾನೆಲ್ ಮೇಲ್ಮೈಯ ಒರಟುತನವನ್ನೂ ನೀಲಿ ಚಾನೆಲ್ ಲೋಹದ ಗುಣವನ್ನೂ ಹಿಡಿದಿರುತ್ತವೆ. ಹೂವಿನ ಆಕಾರವನ್ನು ಆಯ್ದುಕೊಂಡು ನೀಲಿಯಲ್ಲಿ ಬಿಳಿ ತುಂಬಿರಿ, ಹಸಿರಿನಲ್ಲಿ ಗಾಢ ಬೂದು ತುಂಬಿರಿ, ಕೆಂಪನ್ನು ಮುಟ್ಟಬೇಡಿ. ಬಣ್ಣದ ಚಿತ್ರದಲ್ಲಿ ಅದೇ ಜಾಗಕ್ಕೆ ತಿಳಿ ಬೂದು ಇರಲಿ, ಬಂಗಾರದ ಛಾಯೆ ಬೇಕೆಂದರೆ ತುಸು ಹಳದಿ ಸೇರಿಸಿರಿ. ಒರಟುತನವನ್ನು ಪೂರ್ತಿ ಸೊನ್ನೆಗೆ ಇಳಿಸಿದರೆ ಹೂವು ಕನ್ನಡಿಯಾಗುತ್ತದೆ. ಗೊಂಬೆಯ ಮೇಲಿನ ತವರ ಅಷ್ಟು ಹೊಳೆಯುವುದಿಲ್ಲ. ಈ ಚಿತ್ರವನ್ನು ಉಳಿಸುವಾಗ ಎಸ್‌ಆರ್‌ಜಿಬಿ ಆಯ್ಕೆ ಬೇಡ, ಲೀನಿಯರ್ ಇರಲಿ.

ಅದೇ ಹಸಿರು ಚಾನೆಲ್ ಇನ್ನೊಂದಕ್ಕೂ ಒದಗುತ್ತದೆ. ತೋರಣಗಲ್ಲಿಗೆ ದಿನವೂ ಬರುವ ವಿಮಾನವೆಂದರೆ ಹೊಟ್ಟೆಯ ಭಾಗಕ್ಕೂ ಚಕ್ರದ ಬಾಗಿಲುಗಳಿಗೂ ಅದಿರಿನ ಕೆಂದೂಳು ತೆಳುವಾಗಿ ಹಿಡಿದಿದ್ದರೇ ಸಹಜ. ಧೂಳಿನ ಲೇಯರನ್ನು ಬಣ್ಣದ ಚಿತ್ರದಲ್ಲಿ ಹತ್ತು-ಹದಿನೈದು ಶೇಕಡಾ ಮಾತ್ರ ಕಾಣಿಸಿ, ಹಸಿರು ಚಾನೆಲ್‌ನಲ್ಲಿ ಆ ಜಾಗವನ್ನು ಒರಟು ಮಾಡಿರಿ. ಪ್ಯಾಕೇಜನ್ನು ಹಂಚುವಾಗ ನಿಮ್ಮ ಚಿತ್ರಗಳನ್ನೂ ಸಿಎಫ್‌ಜಿ, ಜೆಸನ್ ಫೈಲುಗಳನ್ನೂ ಮಾತ್ರ ಇಡಿ. ವಿಮಾನ ತಯಾರಿಸಿದವರ ಮೂಲ ಮಾಡೆಲ್ ಮತ್ತು ಟೆಕ್ಸ್ಚರ್‌ಗಳು ಅದರೊಳಗೆ ಸೇರಕೂಡದು.