ಡಾಟ್ ಪಿಐಡಿ ಫೈಲ್ ತೆರೆಯೋದು ಹೇಗೆ? ಕರೆಂಟ್ ಹೋಗಿ ಬಂದಮೇಲೆ ಡೇಟಾಬೇಸ್ ಏಳ್ತಿಲ್ಲ

ಮಂಡಿಲೆಕ್ಕ:
ನಮ್ಮದು ಶಿರಸಿ ಕಡೆ ಅಡಿಕೆ ವ್ಯಾಪಾರ. ಲೆಕ್ಕವೆಲ್ಲ ಒಂದು ಹಳೇ ಉಬುಂಟು ಕಂಪ್ಯೂಟರಿನಲ್ಲಿ, ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ. ಹಾಕಿಕೊಟ್ಟ ಹುಡುಗ ಈಗ ಊರಲ್ಲಿಲ್ಲ. ನಿನ್ನೆ ಮಳೆಗೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಈಗ ಡೇಟಾಬೇಸ್ ಏಳುತ್ತಿಲ್ಲ. ‘ಪೋಸ್ಟ್‌ಮಾಸ್ಟರ್.ಪಿಐಡಿ’ ಅನ್ನೋ ಲಾಕ್ ಫೈಲ್ ಆಗಲೇ ಇದೆ, 1643ನೇ ಪ್ರೋಸೆಸ್ ಓಡುತ್ತಿದೆಯಾ ಅಂತ ನನ್ನನ್ನೇ ಕೇಳುತ್ತದೆ! ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಒತ್ತಿದರೆ, ಯಾವುದರಲ್ಲಿ ತೆರೆಯಲಿ ಅನ್ನುತ್ತದೆ. ಹುಡುಕಿದರೆ ‘ಪಿಐಡಿ ಓಪನರ್’ ಅಂತ ಏನೋ ಸಿಕ್ಕಿತು. ಹಾಕಿಕೊಳ್ಳಲಾ?

ಹಳೇಟರ್ಮಿನಲ್:
ಏನೂ ಹಾಕಬೇಡಿ ಮಾರಾಯ್ರೆ. ಅದು ಬರೀ ಅಕ್ಷರದ ಫೈಲ್. ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಆದರೆ ಲ್ಯಾಪ್‌ಟಾಪಿನಲ್ಲಿ ನೋಡಿ ಉಪಯೋಗವಿಲ್ಲ, ಆ ನಂಬರಿಗೆ ಬೆಲೆ ಇರೋದು ಅದೇ ಮಷಿನ್ನಿನಲ್ಲಿ ಮಾತ್ರ.

ನಿಮ್ಮ ಉಬುಂಟು ಅಂದರೆ ಲಿನಕ್ಸೇ. ಅದರಲ್ಲಿ ಓಡುವ ಪ್ರತಿ ಪ್ರೋಸೆಸ್ಸಿಗೂ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೂ, ಒಂದು ನಂಬರ್, ಅದೇ ಪಿಐಡಿ. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮು ಏಳುವಾಗ ತನ್ನ ನಂಬರನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ, ಸರಿಯಾಗಿ ನಿಲ್ಲಿಸಿದರೆ ಅಳಿಸಿ ಹೋಗುತ್ತದೆ. ಹೆಚ್ಚಿನವು ‘ರನ್’ ಫೋಲ್ಡರಿನಲ್ಲಿ ಬರೆಯುತ್ತವೆ. ಅದು ಇರೋದೇ ಮೆಮೊರಿಯಲ್ಲಿ, ರೀಸ್ಟಾರ್ಟ್ ಆದರೆ ಖಾಲಿ. ನಿಮ್ಮ ಪೋಸ್ಟ್‌ಗ್ರೆಸ್ ಮಾತ್ರ ಡೇಟಾ ಫೋಲ್ಡರಿನಲ್ಲೇ, ಅಂದರೆ ಡಿಸ್ಕಿನಲ್ಲಿ ಬರೆಯುತ್ತದೆ. ಕರೆಂಟ್ ಹೋದಾಗ ಅಳಿಸುವವರು ಯಾರು? ಹಾಗೇ ಉಳಿಯಿತು. ಅದನ್ನು ನೋಡಿ, ಡೇಟಾಬೇಸ್ ಆಗಲೇ ಓಡುತ್ತಿರಬಹುದು ಅಂತ ಪೋಸ್ಟ್‌ಗ್ರೆಸ್ ಏಳುತ್ತಿಲ್ಲ.

ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಫೈಲಿನ ಒಳಗಿದ್ದದ್ದನ್ನು ತೋರಿಸುವ ಕ್ಯಾಟ್ ಕಮಾಂಡ್ ಕೊಟ್ಟು ನೋಡಿ. ಮೊದಲ ಸಾಲು ಪಿಐಡಿ, ಎರಡನೆಯದು ಡೇಟಾ ಫೋಲ್ಡರ್, ಮೂರನೆಯದು ಶುರುವಾದ ಹೊತ್ತು. 1970ರಿಂದ ಎಣಿಸಿದ ಸೆಕೆಂಡು ಅದು, ಫೋನ್ ನಂಬರ್ ಅಂದುಕೊಳ್ಳಬೇಡಿ. ನಾಲ್ಕನೆಯದು ಪೋರ್ಟ್, ಅಂದರೆ ಬೇರೆ ಪ್ರೋಗ್ರಾಮುಗಳು ಡೇಟಾಬೇಸಿಗೆ ಸೇರುವ ಬಾಗಿಲಿನ ನಂಬರ್, ಸಾಮಾನ್ಯವಾಗಿ 5432.

ಸುಮ್ನೆಬಂದೆ:
ಇಷ್ಟೆಲ್ಲ ಯಾಕೆ? ಫೈಲ್ ಅಳಿಸಿ, ಸ್ಟಾರ್ಟ್ ಮಾಡಿ. ನಾನು ಯಾವಾಗಲೂ ಹಾಗೇ ಮಾಡೋದು.

ಹಳೇಟರ್ಮಿನಲ್:
ನೋಡದೇ ಅಳಿಸೋದು ಬೇಡ. ಡೇಟಾಬೇಸ್ ನಿಜವಾಗಿ ಓಡುತ್ತಿದ್ದರೆ ಒಂದೇ ಲೆಕ್ಕದ ಪುಸ್ತಕಕ್ಕೆ ಇಬ್ಬರು ಗುಮಾಸ್ತರು ಕೂತ ಹಾಗಾಗುತ್ತದೆ. ಮೊದಲು ‘ಪಿಎಸ್ -ಪಿ 1643’ ಕೊಡಿ, ಆ ನಂಬರಿನಲ್ಲಿ ಈಗ ಯಾರು ಓಡುತ್ತಿದ್ದಾರೆ ಅಂತ ತೋರಿಸುತ್ತದೆ. ಅಲ್ಲಿ ಪೋಸ್ಟ್‌ಗ್ರೆಸ್ ಹೆಸರು ಕಂಡರೆ ಫೈಲನ್ನು ಮುಟ್ಟಬೇಡಿ. ಬೇರೆ ಹೆಸರಾದರೆ, ಆ ನಂಬರ್ ಇನ್ಯಾರಿಗೋ ಹೋಗಿದೆ ಅಂತ. ಸತ್ತ ಪ್ರೋಸೆಸ್ಸಿನ ನಂಬರ್ ಮತ್ತೆ ಬಳಕೆಗೆ ಬರುತ್ತದೆ, ಅಲ್ವಾ.

ಇನ್ನೊಂದು. ನಂಬರ್ ಬೇರೆ ಬಳಕೆದಾರನ ಪ್ರೋಸೆಸ್ಸಿಗೆ ಹೋಗಿದ್ದರೆ ಪೋಸ್ಟ್‌ಗ್ರೆಸ್ ತಾನೇ ಹಳೇ ಫೈಲ್ ಅಂತ ತಿಳಿದು ಮುಂದೆ ಹೋಗುತ್ತದೆ. ನಿಮ್ಮಲ್ಲಿ ಹಟ ಹಿಡಿದಿದೆ ಅಂದರೆ, ಆ ಹುಡುಗ ನಿಮ್ಮದೇ ಲಾಗಿನ್ನಿನಲ್ಲಿ ಓಡುವ ಹಾಗೆ ಇಟ್ಟಿರಬೇಕು.

ಮಂಡಿಲೆಕ್ಕ:
ಹೌದು ಸರ್, ನನ್ನ ಲಾಗಿನ್ನೇ! 1643 ಯಾರು ಗೊತ್ತಾ? ‘ಪಲ್ಸ್‌ಆಡಿಯೋ’. ಸ್ಪೀಕರ್ ಸದ್ದಿನ ಪ್ರೋಗ್ರಾಮಂತೆ. ಈ ಕಂಪ್ಯೂಟರಿಗೆ ಸ್ಪೀಕರೇ ಇಲ್ಲ.

ಹಳೇಟರ್ಮಿನಲ್:
ಹ್ಹಹ್ಹ. ಮಷಿನ್ ಪ್ರತಿಸಲ ಹೆಚ್ಚುಕಮ್ಮಿ ಅದೇ ಸಾಲಿನಲ್ಲಿ ಎಲ್ಲರನ್ನೂ ಎಬ್ಬಿಸುತ್ತದೆ. ಅದಕ್ಕೇ ನಂಬರ್ ಹತ್ತಿರ ಹತ್ತಿರ ಬೀಳುತ್ತದೆ. ಬೇರೆ ಪೋಸ್ಟ್‌ಗ್ರೆಸ್ ಯಾವುದೂ ಓಡುತ್ತಿಲ್ಲ ಅಂತ ಒಮ್ಮೆ ನೋಡಿ, ಆ ಫೈಲಿನ ಹೆಸರು ಬದಲಿಸಿ ಸ್ಟಾರ್ಟ್ ಮಾಡಿ. ಅದೇ ಫೋಲ್ಡರಿನ ಬೇರೆ ಯಾವುದಕ್ಕೂ ಕೈ ಹಾಕಬೇಡಿ.

ಮಂಡಿಲೆಕ್ಕ:
ಎದ್ದಿತು! ಸರಿಯಾಗಿ ನಿಲ್ಲಿಸಿರಲಿಲ್ಲ, ರಿಕವರಿ ನಡೆಯುತ್ತಿದೆ ಅಂತ ಲಾಗಿನಲ್ಲಿ ಬಂತು, ಎದೆ ಧಸಕ್ ಅಂದಿತ್ತು. ನಿನ್ನೆ ಕೊನೆಗೆ ಹಾಕಿದ ಚಾಲಿ ಅಡಿಕೆ ಮೂಟೆ ತೂಕವೂ ಹಾಗೇ ಇದೆ. ಬ್ಯಾಟರಿಗೆ ಈಗಷ್ಟೇ ಫೋನ್ ಮಾಡಿದೆ.