ಕ್ಲಸ್ಟರ್ ಸಭೆಯಲ್ಲಿ ಎಐ ತರಬೇತಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಸಿಆರ್‌ಪಿ, ಅಂದರೆ ಸುತ್ತಲಿನ ಕೆಲವು ಶಾಲೆಗಳ ಗುಂಪಿಗೆ (ಕ್ಲಸ್ಟರ್) ಸಂಪನ್ಮೂಲ ವ್ಯಕ್ತಿ. ಶಿಕ್ಷಕರ ಮುಂದಿನ ಸಮಾಲೋಚನಾ ಸಭೆಯಲ್ಲಿ ತರಗತಿಗೆ ತಂತ್ರಜ್ಞಾನ, ಎಐ ಬಳಸುವುದನ್ನು ಅರ್ಧ ದಿನದಲ್ಲಿ ಹೇಳಿಕೊಡಬೇಕಾಗಿದೆ. ನಿವೃತ್ತಿಯ ಅಂಚಿನಲ್ಲಿರುವವರೂ ಇದ್ದಾರೆ, ಈಗಷ್ಟೇ ನೇಮಕವಾದವರೂ ಇದ್ದಾರೆ. ಕೆಲವು ಶಾಲೆಗಳಲ್ಲಿ ಸ್ಮಾರ್ಟ್ ಬೋರ್ಡ್ ಇದೆ, ಕೆಲವೆಡೆ ನೆಟ್‌ವರ್ಕ್ ಕೂಡ ಸಿಗದು. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ವಿಜ್ಞಾನ ಶಿಕ್ಷಕಿ, ಪ್ರೌಢಶಾಲೆ: ಸರ್, ‘ಎಐ ಎಂದರೇನು’ ಎಂಬ ಪಿಪಿಟಿಯಿಂದ ಮಾತ್ರ ಶುರು ಮಾಡಬೇಡಿ. ಅದು ಮುಗಿಯುವಷ್ಟರಲ್ಲಿ ಅರ್ಧ ಸಭೆ ಮೊಬೈಲಿನಲ್ಲಿ ಸ್ಯಾಟ್ಸ್ (ಮಕ್ಕಳ ದಾಖಲೆಯ ಸರ್ಕಾರಿ ತಂತ್ರಾಂಶ) ಎಂಟ್ರಿ ಮಾಡುತ್ತಿರುತ್ತದೆ. ಎಲ್ಲರಿಗೂ ತಲೆನೋವಾದ ಒಂದು ಕೆಲಸವನ್ನು ಕೈಗೆತ್ತಿಕೊಳ್ಳಿ. ನಾವು ಆರಿಸಿಕೊಂಡದ್ದು ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ. ಪಾಠದ ಪುಟಗಳ ಫೋಟೊ ತೆಗೆದು ಚಾಟ್‌ಜಿಪಿಟಿಗೋ ಜೆಮಿನಿಗೋ ಕೊಟ್ಟು, ಈ ಪುಟಗಳಲ್ಲಿ ಇರುವುದನ್ನಷ್ಟೇ ಕೇಳು, ಸ್ಮರಣೆಗೆ ಇಷ್ಟು ಅಂಕ, ಅನ್ವಯಕ್ಕೆ ಇಷ್ಟು ಎಂದು ನೀಲನಕ್ಷೆಯನ್ನೇ ಒಪ್ಪಿಸಬೇಕು. ಸುಮ್ಮನೆ ‘ಬೆಳಕು ಪಾಠಕ್ಕೆ ಪ್ರಶ್ನೆ ಕೊಡು’ ಎಂದರೆ ಯಾವುದೋ ಪಠ್ಯಕ್ರಮದ ಪ್ರಶ್ನೆಗಳನ್ನು ತಂದು ಸುರಿಯುತ್ತದೆ. ಟೈಪಿಂಗ್ ಬಾರದವರಿಗೆ ಮೊಬೈಲಿನ ಜಿಬೋರ್ಡ್ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲೇ ಮಾತನಾಡಲು ಹೇಳಿ. ನಮ್ಮಲ್ಲಿ ಹಿರಿಯರ ಅಳುಕು ಹೋದದ್ದು ಅಲ್ಲಿಂದ.

ಆಮೇಲೆ ಬಂದದ್ದನ್ನು ಅವರಿಂದಲೇ ತಿದ್ದಿಸಿ. ಮೇಷ್ಟರ ಕೈಗೆ ಕೆಂಪು ಪೆನ್ನು ಕೊಟ್ಟ ಮೇಲೆ ಕೇಳಬೇಕೇ! ಬಹು ಆಯ್ಕೆಯೊಂದರಲ್ಲಿ ಎರಡು ಸರಿ ಉತ್ತರ, ಉತ್ತರ ಸೂಚಿಯಲ್ಲಿ ತಪ್ಪು ಲೆಕ್ಕ. ಹತ್ತನೆಯ ತರಗತಿಯ ನಿಮ್ನ ದರ್ಪಣಕ್ಕೆ ಚಿತ್ರ ಬರೆಸಿದರೆ, ಪ್ರಧಾನಾಕ್ಷಕ್ಕೆ ಸಮಾಂತರವಾಗಿ ಬಂದ ಕಿರಣ ಪ್ರತಿಫಲಿಸಿ ಸಂಗಮಬಿಂದುವಿನ ಹತ್ತಿರವೂ ಸುಳಿಯಲಿಲ್ಲ. ಯಂತ್ರ ಹೇಳಿದ್ದೇ ವೇದವಾಕ್ಯ ಎಂದವರಿಗೂ, ಇನ್ನು ನಮ್ಮ ನೌಕರಿ ಹೋಯಿತು ಎಂದವರಿಗೂ ಆ ಹೊತ್ತಿನ ತಿದ್ದುವಿಕೆಯೇ ಉತ್ತರವಾಯಿತು.

ನಲಿ-ಕಲಿ (ಚಿಕ್ಕ ಮಕ್ಕಳ ಚಟುವಟಿಕೆ ಆಧಾರಿತ ತರಗತಿ) ಶಿಕ್ಷಕ: ನನ್ನ ತರಗತಿಯಲ್ಲಿ ಮಕ್ಕಳ ಮುಂದೆ ಎಐ ತರುವುದಿಲ್ಲ, ತರಬೇಕೆಂದೂ ಅನ್ನಿಸುವುದಿಲ್ಲ. ಓದುವ ಕಾರ್ಡುಗಳಿಗೆ ಪುಟ್ಟ ಕಥೆ ಬೇಕಾದಾಗ ಮನೆಯಲ್ಲಿ ಕೇಳುತ್ತೇನೆ. ಮಕ್ಕಳು ಮೊದಲು ಕಲಿಯುವ ಅಕ್ಷರಗಳಾದ ‘ರ ಗ ಸ ದ ಅ, ಜ ವ ಮ ಬ ನ ಮಾತ್ರ ಬಳಸು’ ಎಂದು ಎಷ್ಟು ಹೇಳಿದರೂ ನಡುವೆ ಒಂದು ಒತ್ತಕ್ಷರ ತೂರಿಸುತ್ತದೆ. ಮಗು ಅಲ್ಲೇ ತಡವರಿಸುತ್ತದೆ. ಕಥೆಯ ಎಳೆ ಅದರದು, ಅಕ್ಷರದ ಲೆಕ್ಕ ನನ್ನದು.

ಮುಖ್ಯ ಶಿಕ್ಷಕ, ಕಲಬುರಗಿ ಜಿಲ್ಲೆ: ನೆಟ್‌ವರ್ಕ್ ಇಲ್ಲದ ಶಾಲೆಯವರನ್ನು ಮರೆಯಬೇಡಿ ಗುರುಗಳೇ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳನ್ನು (ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು) ಡೌನ್‌ಲೋಡ್ ಮಾಡಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ವಿದ್ಯುತ್ ಮಂಡಲ ಕಲಿಸಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ವಿಡಿಯೊಗಳನ್ನೂ ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಬಹುದು. ಕರೆಂಟಿನ ಮಾತು ಬೇರೆ, ಅದಕ್ಕೆ ಕರಿಹಲಗೆಯೇ ಗತಿ.

ಇನ್ನೊಂದು ತೊಡಕು ಸಭೆಯಲ್ಲಿ ಖಂಡಿತ ಬರುತ್ತದೆ. ನಮ್ಮ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿವೆ. ಎಐಗೆ ಹಾಗೆಯೇ ಅಂಟಿಸಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸುವುದನ್ನು ಮೊದಲೇ ತೋರಿಸಿಬಿಡಿ. ಅಂಕಪಟ್ಟಿಯನ್ನು ವಿಶ್ಲೇಷಿಸಲು ಎಐಗೆ ಕೊಡುವಾಗ ಮಕ್ಕಳ ಹೆಸರು, ಸ್ಯಾಟ್ಸ್ ಸಂಖ್ಯೆ, ಪೋಷಕರ ಫೋನ್ ನಂಬರ್ ಅಳಿಸಿ, ಕ್ರಮಸಂಖ್ಯೆ ಮಾತ್ರ ಉಳಿಸಲು ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ ಆ ಕಾಯ್ದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಸಭೆ ಮುಗಿದ ಮೇಲೆ ಇದು ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ ಮೇಡಂ? ವರದಿ ಕೇಳಿದರೆ ವರದಿ ಬರುತ್ತದೆ, ಅಷ್ಟೇ.

ವಿಜ್ಞಾನ ಶಿಕ್ಷಕಿ: ವರದಿ ಬೇಡ ಸರ್. ಮುಂದಿನ ಸಭೆಗೆ ತಾವು ತಿದ್ದಿದ ಒಂದು ಪ್ರಶ್ನೆಪತ್ರಿಕೆಯನ್ನು ಕೆಂಪು ಗೆರೆಗಳ ಸಮೇತ ತರಲು ಹೇಳಿ. ಗೆರೆಯೇ ಇಲ್ಲದ ಪತ್ರಿಕೆ ತಂದವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.